ಹೊಸ ಪಿಸ್ಟನ್, ಹಳೇ ಪಂಪ್

ಗೆಳೆಯನ ಅಪ್ಪ ಮಲ್ಪೆಯಲ್ಲಿ ಮೀನು ಹಿಡಿಯೋರು. ಅವರ ದೋಣಿಯ ಔಟ್‌ಬೋರ್ಡ್ ಎಂಜಿನ್ ಅನ್ನು ಬೇಗೂರಿನ ನಮ್ಮ ರೂಮಿಗೆ ತಂದು, ಬಿಚ್ಚಿ ಜೋಡಿಸಿದ್ವಿ. ಹೊಸ ಪಿಸ್ಟನ್, ಹೊಸ ರಿಂಗ್ ಹಾಕಿದ್ವಿ. ನೀರಿನ ಪಂಪ್ ಮಾತ್ರ 'ನಡೆಯುತ್ತೆ ಬಿಡು' ಅಂತ ಮುಟ್ಟಲಿಲ್ಲ. ನೀರಿನ ಡ್ರಮ್‌ನಲ್ಲಿಟ್ಟು ಸ್ಟಾರ್ಟ್ ಮಾಡಿದರೆ, ಸ್ವಲ್ಪ ಹೊತ್ತಲ್ಲೇ ಜಾಮ್!

ಇದರಲ್ಲಿ ರೇಡಿಯೇಟರ್ ಇಲ್ಲ. ಹೊರಗಿನ ನೀರನ್ನೇ ರಬ್ಬರ್ ಇಂಪೆಲ್ಲರ್ ಮೇಲೆತ್ತಿ ಸಿಲಿಂಡರ್ ತಣಿಸಬೇಕು. ನಮ್ಮದರ ರೆಕ್ಕೆಗಳು ಮುರಿದಿದ್ದವು. ಬಿಸಿಗೆ ಅಲ್ಯೂಮಿನಿಯಂ ಎರಕದ ಕಬ್ಬಿಣದ ಎರಡು ಪಟ್ಟು ಹಿಗ್ಗುತ್ತೆ: 100 ಡಿಗ್ರಿ ಏರಿದರೆ 60 ಮಿ.ಮೀ. ಪಿಸ್ಟನ್ ಸುಮಾರು 0.14 ಮಿ.ಮೀ., ಲೈನರ್ 0.07 ಮಾತ್ರ. ನಡುವಿನ ಸಂದು ಮುಚ್ಚಿ ಪಿಸ್ಟನ್ ಕಚ್ಚಿಕೊಳ್ತು.

ಸ್ಟಾರ್ಟ್ ಆದ ಕೂಡಲೇ ಪಕ್ಕದ ತೂತಿನಿಂದ ನೀರು ಚಿಮ್ಮಬೇಕು. ನಾವು ಸದ್ದು ಕೇಳಿ ಚಪ್ಪಾಳೆ ಹೊಡೆದ್ವಿ, ನೀರು ನೋಡಲಿಲ್ಲ. ಡ್ರಮ್‌ನಲ್ಲೇ ನಿಂತಿದ್ದು ಪುಣ್ಯ. ಕಡಲಲ್ಲಿ ನಿಂತಿದ್ದರೆ?