ರೂಗರ್ ಗುರಿ ಪಿಸ್ತೂಲು: ಮರುಜೋಡಣೆಯ ಸೂಕ್ಷ್ಮ

ಅಮೆರಿಕದ ಕನೆಕ್ಟಿಕಟ್ ರಾಜ್ಯದ ಸೌತ್‌ಪೋರ್ಟ್‌ನಲ್ಲಿ ವಿಲಿಯಂ ರೂಗರ್ ಮತ್ತು ಅಲೆಕ್ಸಾಂಡರ್ ಸ್ಟರ್ಮ್ ಕಟ್ಟಿದ ಕಂಪನಿಯು 1949ರಲ್ಲಿ ಮಾರುಕಟ್ಟೆಗೆ ತಂದ ಮೊದಲ ಸರಕು .22 ಲಾಂಗ್ ರೈಫಲ್ ಗುಂಡಿನ, ಎಂದರೆ ಸುಮಾರು 5.6 ಮಿಲಿಮೀಟರ್ ವ್ಯಾಸದ ಸಣ್ಣ ಗುಂಡಿನ ಪಿಸ್ತೂಲು. ಉಕ್ಕಿನ ತಗಡನ್ನು ಅಚ್ಚಿನಲ್ಲಿ ಒತ್ತಿ ಪಡೆದ ಎರಡು ಹೋಳುಗಳನ್ನು ಬೆಸೆದು ಹಿಡಿಕೆಯ ಚೌಕಟ್ಟನ್ನು ಮಾಡಿದ್ದರಿಂದ ತಯಾರಿಕೆಯ ವೆಚ್ಚ ಇಳಿದು, ಅದನ್ನು 37.50 ಡಾಲರಿಗೆ ಮಾರಲು ಸಾಧ್ಯವಾಯಿತು. ಹೊಂದಿಸಬಹುದಾದ ಗುರಿಕಿಂಡಿಯುಳ್ಳ ಟಾರ್ಗೆಟ್ ಮಾದರಿಯು 1951ರಲ್ಲಿ ಬಂದಿತು. ಮಾರ್ಕ್ 2 ಮತ್ತು ಮಾರ್ಕ್ 3 ಎಂಬ ಪರಿಷ್ಕೃತ ರೂಪಗಳು ಕ್ರಮವಾಗಿ 1982 ಮತ್ತು 2004ರಲ್ಲಿ ಹೊರಬಂದವು.

ಈ ಪಿಸ್ತೂಲಿನ ನಿಖರತೆಗೂ ಅದನ್ನು ಜೋಡಿಸುವ ಕಷ್ಟಕ್ಕೂ ಮೂಲ ಒಂದೇ. ನಳಿಕೆಯು ರಿಸೀವರ್ ಎಂಬ ಕೊಳವೆಯಾಕಾರದ ಮೇಲ್ಭಾಗಕ್ಕೆ ಅಲುಗದಂತೆ ಕೂಡಿಕೊಂಡಿದ್ದು, ಗುರಿಕಿಂಡಿಗಳು ಅದರ ಮೇಲೆಯೇ ಕುಳಿತಿರುವುದರಿಂದ, ಗುಂಡು ಹಾರಿದಾಗ ಒಳಗಿನ ಬೋಲ್ಟ್ ಎಂಬ ದಿಂಡು ಮಾತ್ರ ಹಿಂದಕ್ಕೆ ಸರಿದು ಮುಂದಕ್ಕೆ ಬರುತ್ತದೆ. ಗುರಿಯ ರೇಖೆ ಕದಲುವುದಿಲ್ಲ. ಆದರೆ ಆ ಬೋಲ್ಟನ್ನು ತಡೆದು ನಿಲ್ಲಿಸುವ ಕಡ್ಡಿ, ಗುಂಡು ಸಿಡಿಸಲು ಬಡಿಯುವ ಹ್ಯಾಮರನ್ನು ಚಿಮ್ಮಿಸುವ ಮುಖ್ಯ ಸ್ಪ್ರಿಂಗ್ ಮತ್ತು ರಿಸೀವರನ್ನು ಚೌಕಟ್ಟಿಗೆ ಬಿಗಿಯುವ ಚಿಲಕ, ಈ ಮೂರೂ ಹಿಡಿಕೆಯ ಹಿಂಬದಿಯಲ್ಲಿ ಕೂರುವ ಮೇನ್‌ಸ್ಪ್ರಿಂಗ್ ಹೌಸಿಂಗ್ ಎಂಬ ಒಂದೇ ಭಾಗದಲ್ಲಿ ಸೇರಿಕೊಂಡಿವೆ. ಶುಚಿಗೊಳಿಸಲು ಬಿಚ್ಚಿದ ಪಿಸ್ತೂಲು ಮತ್ತೆ ಸರಿಯಾಗಿ ಕೂಡದಿದ್ದರೆ, ದೋಷವನ್ನು ಮೊದಲು ಹುಡುಕಬೇಕಾದದ್ದು ಈ ಭಾಗದ ಸುತ್ತಮುತ್ತಲೇ.

ದೋಷದ ಲಕ್ಷಣಗಳು ಬಗೆಬಗೆಯಾಗಿದ್ದರೂ ಕಾರಣಗಳು ಕೆಲವೇ. ತಡೆಕಡ್ಡಿಯು ಮೇಲಿನ ರಂಧ್ರದವರೆಗೆ ಏರದಿದ್ದರೆ ರಿಸೀವರ್ ಚೌಕಟ್ಟಿನ ಮುಂಭಾಗದ ಕೊಂಡಿಗೆ ಪೂರ್ತಿ ಸರಿದು ಕೂತಿಲ್ಲವೆಂದು ತಿಳಿಯಬೇಕು. ಹೊಸ ಪಿಸ್ತೂಲುಗಳಲ್ಲಿ ಈ ಹೊಂದಿಕೆ ಬಹಳ ಬಿಗಿಯಾಗಿರುವುದರಿಂದ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕಾಗುತ್ತದೆ. ಕಡ್ಡಿ ಸರಿಯಾಗಿ ಏರಿದರೂ ಹೌಸಿಂಗ್ ಮುಚ್ಚಿಕೊಳ್ಳದಿದ್ದರೆ, ಅಥವಾ ಮುಚ್ಚಿಕೊಂಡ ಮೇಲೆ ಬೋಲ್ಟನ್ನು ಪೂರ್ತಿ ಹಿಂದಕ್ಕೆ ಎಳೆಯಲಾಗದಿದ್ದರೆ, ತಪ್ಪು ಸಾಮಾನ್ಯವಾಗಿ ಸ್ಟ್ರಟ್ಟಿನದು. ಸ್ಟ್ರಟ್ ಎಂದರೆ ಹ್ಯಾಮರಿನಿಂದ ಸಡಿಲವಾಗಿ ತೂಗುವ ಸಣ್ಣ ಕಡ್ಡಿ. ಅದರ ತುದಿ ಮುಖ್ಯ ಸ್ಪ್ರಿಂಗಿನ ಮೇಲಿರುವ ಗುಳಿಯಲ್ಲಿ ಕೂತರೆ ಮಾತ್ರ ಸ್ಪ್ರಿಂಗಿನ ಬಲ ಹ್ಯಾಮರಿಗೆ ಮುಟ್ಟುತ್ತದೆ. ಅದು ಗುಳಿಯಿಂದ ಹೊರಗುಳಿದು ಬೇರೆಡೆ ಸಿಕ್ಕಿಕೊಂಡರೆ ಇಡೀ ಯಂತ್ರ ನಿಂತುಬಿಡುತ್ತದೆ.

ಇದಕ್ಕೆ ಪರಿಹಾರ ಬಲಪ್ರಯೋಗವಲ್ಲ, ಭಾಗಗಳ ಭಂಗಿಯನ್ನು ತಿದ್ದುವುದು. ಹೌಸಿಂಗನ್ನು ಮತ್ತೆ ಹೊರಗೆಳೆದು, ಪಿಸ್ತೂಲಿನ ಬಾಯಿಯನ್ನು ಕೆಳಕ್ಕೆ ವಾಲಿಸಿ ಟ್ರಿಗರ್ ಒತ್ತಿ ಹ್ಯಾಮರನ್ನು ಮುಂದಕ್ಕೆ ಬೀಳಿಸಬೇಕು. ಅನಂತರ ಬಾಯಿಯನ್ನು ಮೇಲಕ್ಕೆತ್ತಿದರೆ ಸ್ಟ್ರಟ್ ತನ್ನ ಭಾರದಿಂದಲೇ ಹಿಂದಕ್ಕೆ ವಾಲಿ ಗುಳಿಯ ಕಡೆಗೆ ಬರುತ್ತದೆ, ಆಗ ಹೌಸಿಂಗನ್ನು ಮುಚ್ಚಬೇಕು. ಮಾರ್ಕ್ 3 ಮಾದರಿಯಲ್ಲಿ ಮ್ಯಾಗಜೀನ್, ಅಂದರೆ ಗುಂಡಿನ ಪೆಟ್ಟಿಗೆ, ಹಿಡಿಕೆಯೊಳಗಿಲ್ಲದಿದ್ದರೆ ಟ್ರಿಗರ್ ಹ್ಯಾಮರನ್ನು ಬಿಡುಗಡೆ ಮಾಡದ ಸುರಕ್ಷಾ ಏರ್ಪಾಡು ಇರುವುದರಿಂದ, ಜೋಡಿಸುವಾಗ ಖಾಲಿ ಮ್ಯಾಗಜೀನನ್ನು ಪದೇ ಪದೇ ಹಾಕಿ ತೆಗೆಯಬೇಕಾಗಿ ಬಂದು ಕೆಲಸ ಮತ್ತಷ್ಟು ತೊಡಕಾಯಿತು.

ಕಂಪನಿಯು 2016ರಲ್ಲಿ ಹೊರತಂದ ಮಾರ್ಕ್ 4 ಮಾದರಿಯಲ್ಲಿ ಒಂದು ಗುಂಡಿಯನ್ನು ಒತ್ತಿದರೆ ಮೇಲ್ಭಾಗವು ಮುಂದಕ್ಕೆ ಮಡಚಿಕೊಂಡು ಬೋಲ್ಟ್ ಹೊರಬರುವಂತೆ ವಿನ್ಯಾಸವನ್ನೇ ಬದಲಿಸಲಾಗಿದ್ದು, ಹಳೆಯ ತೊಡಕು ಅಲ್ಲಿಗೆ ಮುಗಿದಿದೆ. ಹಳೆಯ ಮಾದರಿಗಳನ್ನು ಬಳಸುವವರಾದರೋ ಬಿಚ್ಚುವ ಮುನ್ನ ಮ್ಯಾಗಜೀನ್ ಮತ್ತು ಗುಂಡು ಕೂರುವ ಚೇಂಬರ್ ಎರಡೂ ಖಾಲಿಯಿವೆಯೆಂದು ಕಣ್ಣಾರೆ ನೋಡಿ, ಜೋಡಿಸುವಾಗಲೂ ಬಾಯಿಯನ್ನು ಸುರಕ್ಷಿತ ದಿಕ್ಕಿಗೇ ಹಿಡಿದು, ತಯಾರಕರ ಕೈಪಿಡಿಯ ಕ್ರಮವನ್ನು ಅನುಸರಿಸಬೇಕು. ಬೋಲ್ಟ್ ಪೂರ್ತಿ ಹಿಂದಕ್ಕೆ ಬಾರದ ಪಿಸ್ತೂಲಿಗೆ ಗುಂಡು ತುಂಬಬಾರದು; ಮತ್ತೆ ಮತ್ತೆ ಯತ್ನಿಸಿದರೂ ಸರಿಹೋಗದಿದ್ದರೆ ಅದನ್ನು ಬಂದೂಕು ರಿಪೇರಿಯ ನುರಿತ ಕುಶಲಕರ್ಮಿಗೆ ಒಪ್ಪಿಸುವುದೇ ಸರಿಯಾದ ದಾರಿ.