ಬಿಚ್ಚಿದ ಕಾರಿನ ನೆನಪು

ಕದ್ದ ಕಾರನ್ನು ಬಿಚ್ಚಿ ಮಾರುವ ಕಸುಬಿಗೊಂದು ನಿಯಮಾವಳಿ ಬರೆದುಕೊಡಬೇಕೆಂದು ನನ್ನನ್ನು ಕೇಳಿದವರು ಕಳ್ಳರಲ್ಲ. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳಲ್ಲಿ ಚದುರಿಹೋಗಿದ್ದು, ರಾತ್ರಿ ಊಟವಾದ ಮೇಲೆ ಗಣಕಯಂತ್ರದ ಮುಂದೆ ಒಂದುಗೂಡುವ ಹದಿನೈದಿಪ್ಪತ್ತು ಮಂದಿ ತರುಣರು. ಅವರಾಡುವ ಆಟ ‘ಗ್ರ್ಯಾಂಡ್ ಥೆಫ್ಟ್ ಆಟೋ’. 2013ರಲ್ಲಿ ಹೊರಬಂದ ಅದರ ಐದನೆಯ ಆವೃತ್ತಿಗೆ ‘ಫೈವ್‌ಎಂ’ ಎಂಬ ಸಾಧನವನ್ನು ಜೋಡಿಸಿಕೊಂಡರೆ, ತಮ್ಮದೇ ಸರ್ವರೊಂದನ್ನು ಹೂಡಿ ತಮ್ಮ ಮನಸ್ಸಿಗೆ ಬಂದಂಥ ಊರನ್ನು ನಡೆಸಬಹುದು. ಅಲ್ಲಿ ಗೆಲುವು ಸೋಲುಗಳ ಗೊಡವೆಯಿಲ್ಲ. ಒಬ್ಬ ಪೊಲೀಸ್, ಒಬ್ಬ ವೈದ್ಯ, ಒಬ್ಬ ಕಳ್ಳ. ತೊಟ್ಟ ವೇಷಕ್ಕೆ ತಕ್ಕಂತೆ ಮಾತಾಡಿ ಬಾಳುವುದೇ ಆಟ.

ಬಯಲಾಟದ ಸೀಮೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ನಮ್ಮ ದೊಡ್ಡಾಟದಲ್ಲಿ ವೇಷಧಾರಿ ರಂಗವನ್ನೇರಿದೊಡನೆ ಸಾರಥಿಯು ಅವನನ್ನು ತಡೆದು, ತಾವು ಯಾರು, ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ಕಿರೀಟ ಭುಜಕೀರ್ತಿಗಳನ್ನು ಕಂಡ ಮಾತ್ರಕ್ಕೆ ದುರ್ಯೋಧನನೆಂದು ಒಪ್ಪಿಬಿಡುವುದಿಲ್ಲ. ಸರ್ವರಿನ ಧರ್ಮವೂ ಅದೇ. “ಬಾಗಿಲು ಬಿಚ್ಚಿದ್ದೇನೆ, ಹಣ ಕೊಡು” ಎಂದು ಆಟಗಾರನ ಮನೆಯ ಯಂತ್ರ ಸಂದೇಶ ಕಳುಹಿಸಿದರೆ ಅದು ಕೂಡಲೇ ಕೊಟ್ಟುಬಿಡಬಾರದು. ಆ ಸಂದೇಶದ ಸೂತ್ರವಿರುವುದು ಆಟಗಾರನ ಕೈಯಲ್ಲಿ. ಕಾರಿನ ಮುಖವನ್ನೇ ನೋಡದೆ ಅದನ್ನು ನೂರು ಸಲ ಕಳುಹಿಸುವ ಜಾಣರಿದ್ದಾರೆ. ಕಾರು ಇದೆಯೇ, ಇವನು ಅದರ ಬಳಿ ನಿಂತಿದ್ದಾನೆಯೇ, ಈ ಬಾಗಿಲು ಮೊದಲೇ ಹೋಗಿತ್ತೇ, ಕೆಲಸಕ್ಕೆ ಬೇಕಾದಷ್ಟು ಹೊತ್ತು ಕಳೆದಿದೆಯೇ ಎಂಬುದನ್ನೆಲ್ಲ ಸರ್ವರ್ ತಾನೇ ಪರೀಕ್ಷಿಸಬೇಕು. ಬೆಲೆಯನ್ನಂತೂ ಆಟಗಾರನ ಬಾಯಿಂದ ಕೇಳಲೇಕೂಡದು.

ಬರೆಯುವ ಭಾಷೆ ಲುವಾ. 1993ರಲ್ಲಿ ಬ್ರೆಜಿಲಿನಲ್ಲಿ ಹುಟ್ಟಿದ್ದು. ಪೋರ್ಚುಗೀಸಿನಲ್ಲಿ ಚಂದ್ರ ಎಂದರ್ಥ. ಬೆಳುದಿಂಗಳು ಕಳ್ಳರಿಗೆ ಹಗೆ; ನನ್ನ ಕಳ್ಳರಿಗೆ ಮಾತ್ರ ಅದೇ ಆಸರೆ! ಈ ಆಟದಲ್ಲಿ ಕಾರಿನ ನಾಲ್ಕು ಬಾಗಿಲುಗಳಿಗೆ 0ಯಿಂದ 3ರವರೆಗೆ ಅಂಕಿ, ಬಾನೆಟ್ಟಿಗೆ 4, ಡಿಕ್ಕಿಗೆ 5. ಒಂದೇ ಸಾಲಿನ ಆಜ್ಞೆಗೆ ಬಾಗಿಲು ಕಳಚಿ ಬೀಳುತ್ತದೆ. ಬಳ್ಳಾರಿಯ ಗ್ಯಾರೇಜೊಂದರಲ್ಲಿ ನಾನು ಕಂಡ ಮೇಸ್ತ್ರಿಯಾದರೋ ಮೊದಲು ಬ್ಯಾಟರಿಯ ಮೈನಸ್ ತಂತಿಯನ್ನು ತೆಗೆದು, ಆಮೇಲೆ ಬಾಗಿಲೊಳಗಿನ ವಯರುಗಳನ್ನು ಬಿಡಿಸಿ, ಕಡೆಗೆ ಕೀಲಿನ ಬೋಲ್ಟುಗಳಿಗೆ ಪಾನಾ ಹಾಕಿದ. ಅವನ ತಾಳ್ಮೆಯನ್ನು ಸ್ಮರಿಸಿಕೊಂಡು ಒಂದೊಂದು ಬಾಗಿಲಿಗೂ ಇಪ್ಪತ್ತು ಸೆಕೆಂಡುಗಳ ದುಡಿಮೆಯನ್ನಿಟ್ಟೆ. ಕಳ್ಳನು ಸಿಕ್ಕಿಬೀಳುವುದು ಆ ಇಪ್ಪತ್ತು ಸೆಕೆಂಡುಗಳಲ್ಲಿ.

ಇಲ್ಲಿಯವರೆಗೆ ಎಲ್ಲವೂ ಸುಸೂತ್ರ. ಯಾರ ಕಾರನ್ನು ಕದಿಯಬಹುದು ಎಂಬಲ್ಲಿ ಜಗಳ ಹತ್ತಿತು. ಬೀದಿಯಲ್ಲಿ ಯಂತ್ರವೇ ಓಡಿಸುವ ಅನಾಥ ಕಾರುಗಳು ಬೇಕಾದಷ್ಟಿವೆ. ಅವು ಸಾಕೆಂದವನು ಸಿರುಗುಪ್ಪದ ತರುಣ. ಹಗಲು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಈತ, ಆಟದೊಳಗೆ ಒಂದು ತಿಂಗಳು ಟ್ಯಾಕ್ಸಿ ಹೊಡೆದು ಸ್ವಂತ ಕಾರು ಕೊಂಡಿದ್ದ. ಆಟದಲ್ಲಿ ಪೊಲೀಸನ ವೇಷ ಹಾಕುವ ಕುರುಗೋಡಿನ ತರುಣ ಇದನ್ನು ಒಪ್ಪಲಿಲ್ಲ. ದೊಡ್ಡಬಸವೇಶ್ವರ ರಥೋತ್ಸವದ ದಿನ ಇವನ ತಂದೆಯ ಮೋಟಾರ್‌ಸೈಕಲ್ ಕಳುವಾಗಿ ಮರಳಿ ಸಿಕ್ಕಿರಲಿಲ್ಲ.

“ಕದೀಲಿ ಬಿಡಣ್ಣ. ನಮ್ಮಪ್ಪನ ಗಾಡಿ ಕದ್ದವನ ಮ್ಯಾಲೆ ನನಗ ಅಷ್ಟು ಸಿಟ್ಟಿಲ್ಲ. ಅದರ ಗಾಲಿ, ಟ್ಯಾಂಕು ಕೊಂಡವ ಒಬ್ಬ ಇರ್ತಾನಲ್ಲ, ಎಲ್ಲಿಂದ ಬಂತಪಾ ಇದು ಅಂತ ಅವ ಒಂದು ಮಾತು ಕೇಳಿದ್ದರ ಸಾಕಾಗಿತ್ತು” ಎಂದ.

ಕಾನೂನು ಇವನ ಪಕ್ಷದಲ್ಲಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮು ಕಳ್ಳನಿಗಾದರೆ, 317ನೆಯದು ಕಳವಿನ ಮಾಲೆಂದು ತಿಳಿದೂ ಕೊಂಡವನಿಗೆ. ಎರಡಕ್ಕೂ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ನಿಜವಾದ ಕಾರಿಗೆ ಹದಿನೇಳು ಅಕ್ಷರಗಳ ಚಾಸಿ ನಂಬರಿದೆ. ಆದರೆ ಬಿಚ್ಚಿ ತೆಗೆದ ಬಾಗಿಲು ಸಾಮಾನ್ಯವಾಗಿ ತನ್ನ ಒಡೆಯನನ್ನು ಹೇಳುವುದಿಲ್ಲ. ಬಿಚ್ಚುವವನ ಲಾಭವಿರುವುದೇ ಈ ಮರೆವಿನಲ್ಲಿ.

ನಾನು ಆ ಮರೆವನ್ನು ತೆಗೆದುಹಾಕಿದೆ. ಬಿಚ್ಚಿದ ಪ್ರತಿಯೊಂದು ಭಾಗದೊಳಗೂ ಮೂಲ ಕಾರಿನ ನಂಬರನ್ನು ಗುಪ್ತವಾಗಿ ಬರೆದಿಡುವಂತೆ ಮಾಡಿದೆ. ಎಷ್ಟು ಕೈ ಬದಲಾದರೂ ಅದು ಜೊತೆಗೇ ಹೋಗುತ್ತದೆ, ತಪಾಸಣೆ ಮಾಡಿದ ಪೊಲೀಸನಿಗೆ ಕಾಣುತ್ತದೆ. ಉಜ್ಜಿ ಅಳಿಸಬಹುದು, ಆದರೆ ಬೆಲೆ ಅರ್ಧಕ್ಕಿಳಿಯುತ್ತದೆ. ಒಡೆಯನು ಆಟದಲ್ಲಿಲ್ಲದ ಹೊತ್ತಿನಲ್ಲಿ ಅವನ ಕಾರನ್ನು ಮುಟ್ಟುವಂತಿಲ್ಲ. ಕಳುವಾದ ಕಾರಿನ ದಾಖಲೆಯನ್ನು ಸರ್ವರ್ ಅಳಿಸುವುದಿಲ್ಲ. ಆರು ಭಾಗಗಳಲ್ಲಿ ನಾಲ್ಕು ಸಿಕ್ಕರೆ ಕಾರು ಒಡೆಯನಿಗೆ ಮರಳುತ್ತದೆ. ಸಿರುಗುಪ್ಪದವನು ಗೊಣಗುತ್ತಲೇ ಒಪ್ಪಿದ.

ಎರಡನೆಯ ವಾರವೇ ಅವನ ಟ್ಯಾಕ್ಸಿ ಹೋಯಿತು. ಕುರುಗೋಡಿನ ಪೊಲೀಸ್ ಮೂರು ರಾತ್ರಿ ಅಂಗಡಿಯಂಗಡಿ ಸುತ್ತಿದ. ಬಾನೆಟ್ಟು ಸಿಕ್ಕಿದ್ದು ಊರಿನ ಸಭ್ಯನೆನಿಸಿಕೊಂಡ ಮೆಕ್ಯಾನಿಕ್ಕನ ಬಳಿ. “ಎಲ್ಲಿಂದ ಬಂತಪಾ ಇದು?” ಎಂದು ಇವನು ಕೇಳಿದಾಗ, ಸದಾ ಹರಟುವ ಆ ಹುಡುಗನಿಂದ ಬಹಳ ಹೊತ್ತು ಮಾತೇ ಹೊರಡಲಿಲ್ಲ. ಮೂರು ಬಾಗಿಲುಗಳೂ ಸಿಕ್ಕವು. ನಾಲ್ಕನೆಯ ಬಾಗಿಲೂ ಡಿಕ್ಕಿಯ ಮುಚ್ಚಳವೂ ಇನ್ನೂ ಪತ್ತೆಯಿಲ್ಲ. ಹೊಸವು ಅಗ್ಗಕ್ಕೆ ದೊರೆಯುತ್ತಿದ್ದರೂ ಕೊಳ್ಳದೆ, ಸಿರುಗುಪ್ಪದ ತರುಣ ಮೂರು ಬಾಗಿಲಿನಲ್ಲಿಯೇ ಬಾಡಿಗೆ ಹೊಡೆಯುತ್ತಿದ್ದಾನೆ.