ಸೈಟೇಶನ್ ಲೆಕ್ಕ: ನಂಬಿಕೆ ಯಾವುದು, ನಿಜ ಯಾವುದು?

ನವೆಂಬರ್ 2013ರಲ್ಲಿ ಬೆಂಗಳೂರಿನ ರಸಾಯನ ವಿಜ್ಞಾನಿ ಸಿ.ಎನ್.ಆರ್. ರಾವ್ ಅವರಿಗೆ ಭಾರತರತ್ನ ಘೋಷಣೆಯಾದಾಗ ಸುದ್ದಿಗಳಲ್ಲಿ ಎರಡು ಅಂಕಿಗಳು ಎದ್ದು ಕಂಡವು: 1,400ಕ್ಕೂ ಹೆಚ್ಚು ಸಂಶೋಧನಾ ಪ್ರಬಂಧಗಳು, 100 ಮುಟ್ಟಿದ ಎಚ್-ಇಂಡೆಕ್ಸ್. ಇಂಥ ಅಂಕಿಗಳು ಇಂದು ಪ್ರಾಧ್ಯಾಪಕರ ನೇಮಕ, ಬಡ್ತಿ, ಅನುದಾನಗಳನ್ನೂ ನಿರ್ಧರಿಸುತ್ತಿವೆ. ಹಾಗಾಗಿ ಅವು ಏನನ್ನು ಹೇಳುತ್ತವೆ, ಏನನ್ನು ಹೇಳುವುದಿಲ್ಲ ಎಂಬುದು ಎಲ್ಲರಿಗೂ ತಿಳಿದಿರಬೇಕು.

ತಪ್ಪು ಕಲ್ಪನೆ: ಸಾವಿರಾರು ಪ್ರಬಂಧ ಎಂದರೆ ಒಬ್ಬರೇ ಕೂತು ಬರೆದದ್ದು.

ಸತ್ಯ: ರಾವ್ ಅವರ ಕ್ಷೇತ್ರವಾದ ಪದಾರ್ಥ ರಸಾಯನ ವಿಜ್ಞಾನ ನಡೆಯುವುದೇ ಗುಂಪಿನಲ್ಲಿ. ಒಬ್ಬ ವಿದ್ಯಾರ್ಥಿ ಕುಲುಮೆಯಲ್ಲಿ ಆಕ್ಸೈಡ್ ತಯಾರಿಸುತ್ತಾನೆ. ಇನ್ನೊಬ್ಬಳು ಅದಕ್ಕೆ ಎಕ್ಸ್-ರೇ ಹಾಯಿಸಿ ಹರಳಿನ ರಚನೆ ಕಂಡುಕೊಳ್ಳುತ್ತಾಳೆ. ಮತ್ತೊಬ್ಬರು ಅದರ ವಿದ್ಯುತ್ ವಾಹಕತೆ ಅಳೆಯುತ್ತಾರೆ. ಪ್ರಬಂಧದ ಮೇಲೆ ಎಲ್ಲರ ಹೆಸರೂ ಇರುತ್ತದೆ. ರಾವ್ ಅವರು 1976ರಲ್ಲಿ ಕಾನ್ಪುರದಿಂದ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿ ಘನಸ್ಥಿತಿ ರಸಾಯನ ವಿಜ್ಞಾನಕ್ಕೆಂದೇ ಒಂದು ವಿಭಾಗ ಕಟ್ಟಿದರು. 1989ರಲ್ಲಿ ಶುರುವಾದ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಸ್ಥಾಪಕರೂ ಅವರೇ. ಅವರ ಉದ್ದನೆಯ ಪಟ್ಟಿಯ ಹಿಂದೆ ಈ ಪ್ರಯೋಗಾಲಯಗಳಲ್ಲಿ ದುಡಿದ ಹಲವು ತಲೆಮಾರಿನ ವಿದ್ಯಾರ್ಥಿಗಳಿದ್ದಾರೆ. ಇದರಿಂದ ಗುರುವಿನ ಹಿರಿಮೆ ಕುಗ್ಗುವುದಿಲ್ಲ. ಅವರು ಎಷ್ಟು ಜನರನ್ನು ಬೆಳೆಸಿದರು ಎಂಬುದು ಗೊತ್ತಾಗುತ್ತದೆ.

ತಪ್ಪು ಕಲ್ಪನೆ: ಎಚ್-ಇಂಡೆಕ್ಸ್ 100 ಎಂದರೆ ನೂರಕ್ಕೆ ನೂರು ಅಂಕ.

ಸತ್ಯ: ಇದು ಅಂಕಪಟ್ಟಿಯಲ್ಲ. ಅಮೆರಿಕದ ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಸೂಚಿಸಿದ ಲೆಕ್ಕ. ಒಬ್ಬರ ಆರು ಪ್ರಬಂಧಗಳನ್ನು ಇತರರು ಕ್ರಮವಾಗಿ 90, 40, 12, 6, 5, 3 ಬಾರಿ ಉಲ್ಲೇಖಿಸಿದ್ದಾರೆ (ಸೈಟೇಶನ್) ಎನ್ನೋಣ. ಕನಿಷ್ಠ ಐದು ಉಲ್ಲೇಖ ಪಡೆದ ಪ್ರಬಂಧಗಳು ಐದಿವೆ, ಕನಿಷ್ಠ ಆರು ಪಡೆದವು ಆರಿಲ್ಲ. ಹಾಗಾಗಿ ಎಚ್-ಇಂಡೆಕ್ಸ್ 5. ಮೊದಲ ಪ್ರಬಂಧದ 90 ಉಲ್ಲೇಖ ನಾಳೆ 9,000 ಆದರೂ ಉತ್ತರ 5ರಲ್ಲೇ ನಿಲ್ಲುತ್ತದೆ. ಅಂದರೆ ಈ ಸೂಚ್ಯಂಕ ನಿರಂತರ ದುಡಿಮೆಯನ್ನು ಗುರುತಿಸುತ್ತದೆ, ಯುಗ ಬದಲಿಸಿದ ಒಂದೇ ಒಂದು ಪ್ರಬಂಧವನ್ನು ಗುರುತಿಸಲಾರದು.

ತಪ್ಪು ಕಲ್ಪನೆ: ಹೆಚ್ಚು ಉಲ್ಲೇಖ ಸಿಕ್ಕಷ್ಟೂ ಆವಿಷ್ಕಾರ ದೊಡ್ಡದು.

ಸತ್ಯ: 2014ರಲ್ಲಿ ‘ನೇಚರ್’ ಪತ್ರಿಕೆ ಅತಿ ಹೆಚ್ಚು ಉಲ್ಲೇಖ ಪಡೆದ ನೂರು ಪ್ರಬಂಧಗಳ ಪಟ್ಟಿ ಪ್ರಕಟಿಸಿತು. ಮೊದಲ ಸ್ಥಾನದಲ್ಲಿದ್ದದ್ದು ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ವಿಧಾನ ತಿಳಿಸಿದ 1951ರ ಪ್ರಬಂಧ; ಮೂರು ಲಕ್ಷಕ್ಕೂ ಹೆಚ್ಚು ಉಲ್ಲೇಖ. ಡಿಎನ್‌ಎ ರಚನೆ ತಿಳಿಸಿದ ವಾಟ್ಸನ್ ಮತ್ತು ಕ್ರಿಕ್ ಅವರ ಪ್ರಬಂಧ ಆ ನೂರರಲ್ಲಿ ಇರಲೇ ಇಲ್ಲ. ದಿನನಿತ್ಯ ಬಳಸುವ ವಿಧಾನಕ್ಕೆ ಉಲ್ಲೇಖ ಸಹಜವಾಗಿಯೇ ಹೆಚ್ಚು. ಇನ್ನೊಂದು ಕಡೆ, ಇಂಗಾಲದ ತೆಳು ಹಾಳೆಯಾದ ಗ್ರಾಫೀನ್‌ಗೆ ಎಷ್ಟು ಪದರಗಳಿವೆ ಎಂದು ನೋಡಲು ಇಂದಿಗೂ ರಾಮನ್ ಸ್ಪೆಕ್ಟ್ರೋಮೀಟರ್ ಬಳಸುತ್ತಾರೆ. ಆದರೂ ಸಿ.ವಿ. ರಾಮನ್ ಅವರ 1928ರ ಮೂಲ ಲೇಖನವನ್ನು ಹಾಗೆ ಬಳಸುವವರೆಲ್ಲ ಉಲ್ಲೇಖಿಸುವುದಿಲ್ಲ. ಆ ಶೋಧ ಪಠ್ಯಪುಸ್ತಕದ ಜ್ಞಾನವಾಗಿ ಬೆರೆತುಹೋಗಿದೆ.

ತಪ್ಪು ಕಲ್ಪನೆ: ದೊಡ್ಡ ಜರ್ನಲ್‌ನಲ್ಲಿ ಬಂದದ್ದೆಲ್ಲ ದೊಡ್ಡ ಕೆಲಸ.

ಸತ್ಯ: ಜರ್ನಲ್ ಎಷ್ಟು ದೊಡ್ಡದು ಎಂದು ಹೇಳಲು ಬಳಸುವ ಇಂಪ್ಯಾಕ್ಟ್ ಫ್ಯಾಕ್ಟರ್ ಜರ್ನಲ್‌ನ ಸರಾಸರಿ, ಅದರಲ್ಲಿ ಬಂದ ಒಂದೊಂದು ಪ್ರಬಂಧದ ಯೋಗ್ಯತೆಯಲ್ಲ. ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟವಾದ ಪ್ರಬಂಧಗಳಿಗೆ ಈ ವರ್ಷ ಸರಾಸರಿ ಎಷ್ಟು ಉಲ್ಲೇಖ ಸಿಕ್ಕಿತು ಎಂಬುದಷ್ಟೇ ಅದರ ಲೆಕ್ಕ. ಬೆಲ್ ಲ್ಯಾಬ್ಸ್‌ನ ಭೌತವಿಜ್ಞಾನಿ ಯಾನ್ ಹೆಂಡ್ರಿಕ್ ಶೋನ್ ಅವರ ಹಲವು ಪ್ರಬಂಧಗಳು ‘ಸೈನ್ಸ್’, ‘ನೇಚರ್’ಗಳಲ್ಲೇ ಬಂದಿದ್ದವು. ದತ್ತಾಂಶ ಕಟ್ಟುಕತೆಯೆಂದು 2002ರ ತನಿಖೆಯಲ್ಲಿ ಬಯಲಾಗಿ, ಅವುಗಳಲ್ಲಿ ಹಲವನ್ನು ಹಿಂತೆಗೆದುಕೊಳ್ಳಬೇಕಾಯಿತು. ಇತ್ತ ಭೌತವಿಜ್ಞಾನಿಗಳಾದ ಬೆಡ್ನೋರ್ಜ್ ಮತ್ತು ಮುಲ್ಲರ್ 1986ರಲ್ಲಿ ತಾಮ್ರದ ಆಕ್ಸೈಡ್‌ಗಳ ಅತಿವಾಹಕತೆಯನ್ನು ವರದಿ ಮಾಡಿದ್ದು ‘ನೇಚರ್’ನಲ್ಲಲ್ಲ, ಒಂದು ಜರ್ಮನ್ ಭೌತವಿಜ್ಞಾನ ಜರ್ನಲ್‌ನಲ್ಲಿ. ಮರುವರ್ಷವೇ ಅವರಿಗೆ ನೊಬೆಲ್ ಬಂತು.

ತಪ್ಪು ಕಲ್ಪನೆ: ಈ ಅಂಕಿಗಳಿಂದ ಯಾರನ್ನು ಬೇಕಾದರೂ ಯಾರೊಂದಿಗೂ ಹೋಲಿಸಬಹುದು.

ಸತ್ಯ: ರಸಾಯನ ವಿಜ್ಞಾನದಷ್ಟು ಪ್ರಬಂಧಗಳು ಗಣಿತದಲ್ಲಿ ಬರುವುದಿಲ್ಲ, ಉಲ್ಲೇಖವೂ ಕಡಿಮೆ. ಎಚ್-ಇಂಡೆಕ್ಸ್ ವಯಸ್ಸಿನೊಂದಿಗೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಹೀಗಾಗಿ ಕಿರಿಯರನ್ನು ಹಿರಿಯರ ಪಕ್ಕ ನಿಲ್ಲಿಸುವುದು ಅನ್ಯಾಯ. ಒಬ್ಬರದೇ ಲೆಕ್ಕ ದತ್ತಸಂಚಯಕ್ಕೆ ತಕ್ಕಂತೆ ಬದಲಾಗುತ್ತದೆ: ಗೂಗಲ್ ಸ್ಕಾಲರ್‌ನಲ್ಲಿ ಒಂದು, ವೆಬ್ ಆಫ್ ಸೈನ್ಸ್‌ನಲ್ಲಿ ಇನ್ನೊಂದು.

ಸಂಶೋಧಕರ ಕೆಲಸವನ್ನು ಜರ್ನಲ್‌ನ ಅಂಕಿಯಿಂದ ಅಳೆಯಬೇಡಿ, ಕೆಲಸವನ್ನೇ ನೋಡಿ ಎಂದು 2012ರಲ್ಲಿ ರೂಪುಗೊಂಡ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆ ಕರೆ ಕೊಟ್ಟಿತು. ನಮ್ಮ ವಿಶ್ವವಿದ್ಯಾಲಯಗಳ ಆಯ್ಕೆ ಸಮಿತಿಗಳಲ್ಲಿ ಕೂರುವವರಲ್ಲಿ ನನ್ನ ಮನವಿಯೂ ಅದೇ. ಅಭ್ಯರ್ಥಿಯ ಅತ್ಯುತ್ತಮ ಎರಡು ಮೂರು ಪ್ರಬಂಧಗಳನ್ನು ತರಿಸಿಕೊಂಡು ಪೂರ್ತಿ ಓದಿ. ಅಂಕಿ ನೋಡುವುದಿದ್ದರೆ ಆಮೇಲೆ ನೋಡಿ.